ಕರುಗಳ ಭೇದಿ, ಗಿಡಮೂಲಿಕೆ ಕಷಾಯ ಮತ್ತು ಪ್ರಯೋಗಶಾಲೆಯ ಇಲಿ

(ಹಾಲು ಉತ್ಪಾದಕರ ಸಹಕಾರ ಸಂಘಗಳ ಕಾರ್ಯದರ್ಶಿಗಳು ಹಾಗೂ ಸದಸ್ಯರಿಗಾಗಿ ಒಕ್ಕೂಟವು ಏರ್ಪಡಿಸಿದ್ದ ಕರು ಪಾಲನೆ ತರಬೇತಿ ಶಿಬಿರದಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣದ ಪಾಠ)



ಕರು ಪಾಲನೆ ಎಂದರೆ ಗಿಣ್ಣು ಹಾಲು, ಹೊಕ್ಕುಳಿಗೆ ಅಯೋಡಿನ್, ಜಂತುಹುಳುವಿನ ಔಷಧಿ ಎಂದು ಪ್ರತಿ ಶಿಬಿರದಲ್ಲೂ ನಾವು ಹೇಳುತ್ತೇವೆ, ತಾವು ತಲೆದೂಗುತ್ತೀರಿ. ಇಂದು ಸ್ವಲ್ಪ ಬೇರೆ ದಾರಿಯಲ್ಲಿ ಹೋಗೋಣ ಎಂದುಕೊಂಡಿದ್ದೇನೆ. ಇತ್ತೀಚೆಗೆ ಸಂಘಗಳಿಗೆ ಭೇಟಿ ಕೊಟ್ಟಾಗಲೆಲ್ಲ ಯಾರಾದರೊಬ್ಬರು ಪತ್ರಿಕೆಯ ತುಣುಕನ್ನೋ ಮೊಬೈಲಿಗೆ ಬಂದ ಸುದ್ದಿಯನ್ನೋ ತೋರಿಸುತ್ತಾರೆ. ಸುದ್ದಿ ಹೆಚ್ಚು ಕಡಿಮೆ ಒಂದೇ. ಇಂತಹ ಗಿಡದ ಸಾರವನ್ನು ಪ್ರಯೋಗಶಾಲೆಯ ಇಲಿಗಳಿಗೆ ಕೊಟ್ಟರು, ವೈರಾಣುವಿನಿಂದ ಬಂದ ಭೇದಿ ನಿಂತಿತು, ಇಲಿಗಳಿಗೆ ಯಾವ ತೊಂದರೆಯೂ ಆಗಲಿಲ್ಲ. ಆಮೇಲೆ ಪ್ರಶ್ನೆ: "ಡಾಕ್ಟ್ರೇ, ಇಲಿಗೆ ಇಷ್ಟು ಕೊಟ್ಟಿದ್ದಾರೆ, ನಮ್ಮ ಕರುವಿಗೆ ಎಷ್ಟು ಕೊಡೋಣ?"

ಪ್ರಶ್ನೆ ನ್ಯಾಯವಾದದ್ದೇ. ಕೊಟ್ಟಿಗೆಯಲ್ಲಿ ಹೆಣ್ಣು ಕರು ನೀರಿನಂತೆ ಸುರಿಯುತ್ತಿರುವಾಗ, ಬೇಲಿಯಲ್ಲೇ ಬೆಳೆದ ಸೊಪ್ಪಿನಿಂದ ವಾಸಿಯಾಗುತ್ತದೆ ಎಂದರೆ ಯಾರು ತಾನೇ ಕೇಳುವುದಿಲ್ಲ? ಆದರೆ ಉತ್ತರ ಕೊಡಬೇಕಾದರೆ ಇಲಿಯ ಮೇಲೆ ಪ್ರಯೋಗ ಹೇಗೆ ನಡೆಯುತ್ತದೆ, ಅದು ಏನನ್ನು ತೋರಿಸುತ್ತದೆ, ಏನನ್ನು ತೋರಿಸುವುದಿಲ್ಲ ಎಂಬುದನ್ನು ಮೊದಲು ತಿಳಿಯಬೇಕು.

ಪ್ರಯೋಗಶಾಲೆಯ ಬಿಳಿ ಇಲಿ ಎಂದರೆ ನಮ್ಮ ಗೋದಾಮಿನ ಹೆಗ್ಗಣವಲ್ಲ, ಅಡಿಗೆಮನೆಯಲ್ಲಿ ಓಡಾಡುವ ಚಿಕ್ಕ ಇಲಿಯ ಸಂತತಿ. ಬೆಳೆದ ಇಲಿಯ ತೂಕ 20 ರಿಂದ 30 ಗ್ರಾಂ. ಮೂರು ವಾರಕ್ಕೆಲ್ಲ ಮರಿ ಹಾಕುತ್ತದೆ, ಒಂದು ಸೂಲಿಗೆ ಆರೆಂಟು ಮರಿ. ಒಂದೇ ತಾಯಿಯ ಮರಿಗಳನ್ನು ಎರಡು ಪಾಲು ಮಾಡಿ, ಒಂದಕ್ಕೆ ಔಷಧಿ, ಇನ್ನೊಂದಕ್ಕೆ ಬರೀ ನೀರು ಕೊಟ್ಟು ಹೋಲಿಸಿ ನೋಡಬಹುದು. ಹಸುವಿನಲ್ಲಿ ಇದೇ ಪ್ರಯೋಗ ಮಾಡಲು ಎಷ್ಟು ವರ್ಷ, ಎಷ್ಟು ಹಣ ಬೇಕೆಂದು ತಾವೇ ಲೆಕ್ಕ ಹಾಕಿ.

ಕರುಳಿನ ವೈರಾಣುವಿನ ವಿಷಯದಲ್ಲಿ ಇಲಿಗೆ ಇನ್ನೊಂದು ಹೆಚ್ಚುಗಾರಿಕೆಯಿದೆ. ಈ ರೋಗ ಅದಕ್ಕೆ ತಾನಾಗಿಯೇ ಬರುತ್ತದೆ. 1947ರಲ್ಲಿ ಅಮೆರಿಕದ ಚೀವರ್ ಮತ್ತು ಮುಲ್ಲರ್ ಎಂಬ ವಿಜ್ಞಾನಿಗಳು ಪ್ರಯೋಗಶಾಲೆಯ ಇಲಿಮರಿಗಳಲ್ಲಿ ಗುಂಪುಗುಂಪಾಗಿ ಹರಡುತ್ತಿದ್ದ ಹಳದಿ ಭೇದಿಯನ್ನು ವಿವರವಾಗಿ ಬರೆದರು. 1963ರಲ್ಲಿ ಆಡಮ್ಸ್ ಮತ್ತು ಕ್ರಾಫ್ಟ್ ಎಂಬವರು ಆ ಮರಿಗಳ ಕರುಳಿನ ಕೋಶಗಳಲ್ಲಿ ವೈರಾಣುವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡರು. ನಮ್ಮವರಾದ ಪಶುವೈದ್ಯರ ಸರದಿ 1969ರಲ್ಲಿ ಬಂತು. ಅಮೆರಿಕದ ನೆಬ್ರಾಸ್ಕದಲ್ಲಿ ಮೀಬಸ್ ಮತ್ತು ಅವರ ಸಂಗಡಿಗರು ಕರುಗಳ ಭೇದಿಯಲ್ಲಿ ಅದೇ ಜಾತಿಯ ವೈರಾಣುವನ್ನು ಕಂಡುಹಿಡಿದರು. 1973ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ರೂತ್ ಬಿಷಪ್ ಎಂಬ ವಿಜ್ಞಾನಿ ಮತ್ತು ಅವರ ತಂಡ ಭೇದಿಯಿಂದ ನರಳುತ್ತಿದ್ದ ಮಕ್ಕಳ ಕರುಳಿನಲ್ಲಿ ಇದನ್ನೇ ನೋಡಿದರು. ಗಾಡಿಯ ಚಕ್ರದಂತೆ ಕಾಣುತ್ತಿದ್ದುದರಿಂದ ಲ್ಯಾಟಿನ್ ಭಾಷೆಯಲ್ಲಿ ಚಕ್ರವೆಂಬ ಅರ್ಥ ಬರುವಂತೆ 'ರೋಟಾ ವೈರಾಣು' ಎಂದು ಹೆಸರಾಯಿತು.

ಮೊದಲು ಇಲಿ, ಆಮೇಲೆ ಕರು, ಕೊನೆಗೆ ಮಗು. ಈ ನೆಂಟಸ್ತಿಕೆ ದೂರದ್ದಲ್ಲ. ನಮ್ಮ ಬೆಂಗಳೂರಿನಲ್ಲೇ, ಯಾವ ಕಾಯಿಲೆಯ ಲಕ್ಷಣವೂ ಇಲ್ಲದ ನವಜಾತ ಶಿಶುಗಳಲ್ಲಿ ಸಿಕ್ಕ ಐ321 ಎಂಬ ರೋಟಾ ವೈರಾಣುವಿನ ಹೊರಮೈ ಪ್ರೋಟೀನುಗಳು ದನಗಳ ವೈರಾಣುವಿನ ಪ್ರೋಟೀನುಗಳನ್ನೇ ಹೋಲುತ್ತವೆ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ದುರ್ಗಾ ರಾವ್ ಮತ್ತು ಸಂಗಡಿಗರು 1993ರಲ್ಲಿ ತೋರಿಸಿದರು. ಅಮೆರಿಕದಲ್ಲಿ 2006ರಲ್ಲಿ ಮಕ್ಕಳಿಗೆಂದು ಬಂದ ಒಂದು ರೋಟಾ ಲಸಿಕೆಯ ಮೂಲವಂತೂ 1981ರಲ್ಲಿ ಪೆನ್ಸಿಲ್ವೇನಿಯಾದ ಒಂದು ಕರುವಿನ ಭೇದಿಯಲ್ಲಿ ಸಿಕ್ಕ ವೈರಾಣು. ಕರುವಿನ ಸಗಣಿಯನ್ನು ಪ್ರಯೋಗಾಲಯಕ್ಕೆ ಕಳಿಸಿ ಎಂದು ನಾವು ಹೇಳಿದಾಗ ಮೂಗು ಮುರಿಯುವವರಿಗಾಗಿ ಈ ಮಾತು ಹೇಳಿದೆ!

ಇಲಿಯಿಂದ ನಮಗೆ ಏನು ತಿಳಿಯಿತು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕರುವಿನ ಕೊಟ್ಟಿಗೆಗೆ ನೇರವಾಗಿ ಉಪಯೋಗಕ್ಕೆ ಬರುವ ಸಂಗತಿಗಳು ಇದರಲ್ಲಿವೆ.

ಇಲಿಮರಿಗೆ ಹುಟ್ಟಿದ ಮೊದಲ ಎರಡು ವಾರದೊಳಗೆ ವೈರಾಣು ಕುಡಿಸಿದರೆ ಭೇದಿಯಾಗುತ್ತದೆ. ಎರಡು ವಾರ ದಾಟಿದ ಮೇಲೆ ಕುಡಿಸಿದರೆ ಸೋಂಕು ತಗಲುತ್ತದೆ, ಲದ್ದಿಯಲ್ಲಿ ವೈರಾಣು ಹೊರಬರುತ್ತದೆ, ಆದರೆ ಭೇದಿಯಾಗುವುದಿಲ್ಲ. ನಮ್ಮ ಕರುಗಳಲ್ಲೂ ಹೆಚ್ಚು ಕಡಿಮೆ ಹೀಗೆಯೇ. ರೋಟಾ ಭೇದಿ ಹೆಚ್ಚಾಗಿ ಕಾಣುವುದು ನಾಲ್ಕನೆಯ ದಿನದಿಂದ ಎರಡು ಮೂರು ವಾರದೊಳಗೆ. ದೊಡ್ಡ ಹಸು ಮಾತ್ರ ಏನೂ ಆಗದಂತೆ ನಿಂತು ಮೆಲುಕು ಹಾಕುತ್ತಾ, ಕರು ಹಾಕುವ ಆಸುಪಾಸಿನಲ್ಲಿ ಸಗಣಿಯಲ್ಲಿ ವೈರಾಣುವನ್ನು ಹೊರಹಾಕುತ್ತಿರಬಹುದು. ಕರುವಿಗೆ ರೋಗ ಎಲ್ಲಿಂದ ಬಂತು, ಯಾರ ದೃಷ್ಟಿ ತಗುಲಿತು ಎಂದು ಹುಡುಕಬೇಕಾಗಿಲ್ಲ. ಅದು ಕೊಟ್ಟಿಗೆಯ ನೆಲದಲ್ಲೇ ಇದೆ.

ಸಣ್ಣ ಕರುಳಿನ ಒಳಮೈ ಟರ್ಕಿ ಟವೆಲಿನಂತಿರುತ್ತದೆ. ಟವೆಲಿನ ಎಳೆಗಳಂತೆ ಚಾಚಿಕೊಂಡಿರುವ ಅಸಂಖ್ಯಾತ ಕುಚ್ಚುಗಳು ಆಹಾರವನ್ನೂ ನೀರನ್ನೂ ಹೀರುತ್ತವೆ. ರೋಟಾ ವೈರಾಣು ಆ ಕುಚ್ಚುಗಳ ತುದಿಯ ಕೋಶಗಳನ್ನು ಹಾಳುಮಾಡುತ್ತದೆ, ಟವೆಲು ಸವೆದು ಪಂಚೆಯಾಗುತ್ತದೆ. ಹೀರಬೇಕಾದ ನೀರು ಹಾಗೆಯೇ ಹಿಂದಕ್ಕೆ ಹರಿದುಹೋಗುತ್ತದೆ. ಇದಿಷ್ಟೇ ಕಾರಣ ಎಂದು ಬಹಳ ಕಾಲ ತಿಳಿದಿದ್ದರು. 1996ರಲ್ಲಿ ಅಮೆರಿಕದ ಹ್ಯೂಸ್ಟನ್ನಿನ ಮೇರಿ ಎಸ್ಟೆಸ್ ಮತ್ತು ಅವರ ಸಂಗಡಿಗರು ವೈರಾಣುವಿನ ಒಂದೇ ಒಂದು ಪ್ರೋಟೀನನ್ನು, ಎನ್‌ಎಸ್‌ಪಿ4 ಎಂಬುದನ್ನು, ಶುದ್ಧ ಮಾಡಿ ಇಲಿಮರಿಗಳಿಗೆ ಕೊಟ್ಟಾಗ ವೈರಾಣುವೇ ಇಲ್ಲದೆ ಭೇದಿ ಶುರುವಾಯಿತು. ಅಂದರೆ ವೈರಾಣು ಒಂದು ಬಗೆಯ ನಂಜನ್ನೂ ಬಿಡುತ್ತದೆ, ಅದು ಕರುಳಿನಿಂದ ನೀರನ್ನು ಹೊರಕ್ಕೆ ಎಳೆಯುತ್ತದೆ. ಇಲಿಮರಿ ಇಲ್ಲದೆ ಇದು ಗೊತ್ತಾಗುತ್ತಿರಲಿಲ್ಲ.

ಮೂರನೆಯದು ತಾಯಿಯ ಹಾಲು. 1980ರ ದಶಕದಲ್ಲಿ ಫಿಲಡೆಲ್ಫಿಯಾದಲ್ಲಿ ಪಾಲ್ ಆಫಿಟ್ ಮತ್ತು ಫ್ರೆಡ್ ಕ್ಲಾರ್ಕ್ ಎಂಬವರು ತಾಯಿ ಇಲಿಗಳಲ್ಲಿ ರೋಗನಿರೋಧಕ ಶಕ್ತಿ ಬರುವಂತೆ ಮಾಡಿ, ಅವುಗಳ ಹಾಲು ಕುಡಿದ ಮರಿಗಳು ಭೇದಿಯಿಂದ ಪಾರಾಗುವುದನ್ನು ತೋರಿಸಿದರು. ಎಷ್ಟು ಪಾರಾಗುತ್ತವೆ ಎಂಬುದು ಹಾಲಿನಲ್ಲಿರುವ ಪ್ರತಿಕಾಯಗಳ ಪ್ರಮಾಣವನ್ನೂ, ಅವು ಅದೇ ಬಗೆಯ ವೈರಾಣುವಿಗೆ ಹೊಂದುವಂಥವೇ ಎಂಬುದನ್ನೂ ಅವಲಂಬಿಸಿತ್ತು. ಗಿಣ್ಣು ಹಾಲನ್ನು ಹುಟ್ಟಿದ ಎರಡು ಗಂಟೆಯೊಳಗೆ ಕುಡಿಸಿ ಎಂದು ನಾವು ಬಾಯಿ ನೋಯುವಂತೆ ಹೇಳುವುದರ ಹಿಂದೆ ಈ ಬಗೆಯ ಕೆಲಸವಿದೆ. ಮೊದಲ ದಿನ ಕುಡಿದ ಗಿಣ್ಣು ರಕ್ತಕ್ಕೆ ಸೇರುತ್ತದೆ. ಒಂದು ದಿನ ಕಳೆದ ಮೇಲೆ ಕರುಳಿನ ಬಾಗಿಲು ಮುಚ್ಚುತ್ತದೆ, ಆದರೂ ಅನಂತರದ ಹಾಲಿನಲ್ಲಿರುವ ಪ್ರತಿಕಾಯಗಳು ಕರುಳಿನೊಳಗೇ ನಿಂತು ವೈರಾಣುವನ್ನು ತಡೆಯುತ್ತವೆ. ಗಿಣ್ಣು ಹಾಲನ್ನು ಊರಿಗೆಲ್ಲ ಹಂಚಿ ಕರುವಿಗೆ ಒಂದು ಚೆಂಬು ಮಾತ್ರ ಕುಡಿಸುವ ಪದ್ಧತಿ ಈಗಲೂ ಇದೆ. ಗಿಣ್ಣು ತಿನ್ನಬೇಡಿ ಎಂದು ನಾನು ಹೇಳುವುದಿಲ್ಲ, ನನಗೂ ಇಷ್ಟವೇ. ಕರುವಿನ ತೂಕದ ಹತ್ತರಲ್ಲಿ ಒಂದು ಪಾಲು, ಅಂದರೆ 30 ಕಿಲೋ ಕರುವಿಗೆ ಮೊದಲ ದಿನ 3 ಲೀಟರ್ ಮುಗಿದ ಮೇಲೆ ಉಳಿದದ್ದನ್ನು ಹಂಚಿ.

ಇನ್ನು ಗಿಡಮೂಲಿಕೆಯ ವಿಷಯಕ್ಕೆ ಬರೋಣ. ಗಿಡದ ಸಾರದಲ್ಲಿ ವೈರಾಣು ತಡೆಯುವ ಗುಣವಿದೆಯೇ ಎಂದು ನೋಡುವವರು ಸಾಮಾನ್ಯವಾಗಿ ಇಲಿಯಿಂದ ಪ್ರಾರಂಭಿಸುವುದಿಲ್ಲ, ಗಾಜಿನ ಬಟ್ಟಲಿನಿಂದ ಪ್ರಾರಂಭಿಸುತ್ತಾರೆ. ಕೋತಿಯ ಮೂತ್ರಪಿಂಡದಿಂದ ತೆಗೆದು ಬೆಳೆಸಿದ ಕೋಶಗಳಿಗೆ ರೋಟಾ ವೈರಾಣು ಬಿಟ್ಟು, ಸಾರ ಹಾಕಿದಾಗ ಎಷ್ಟು ಕೋಶಗಳು ಉಳಿಯುತ್ತವೆ ಎಂದು ಎಣಿಸುತ್ತಾರೆ. ಬ್ರೆಜಿಲ್ ದೇಶದವರು 2005ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಅಲ್ಲಿನ ಜನ ಭೇದಿಗೆ ಬಳಸುವ ಗಿಡಗಳನ್ನು ಹೀಗೆ ಪರೀಕ್ಷಿಸಿದಾಗ ನಮ್ಮ ಹಲಸಿನ ಮರದ ತೊಗಟೆಯ ಸಾರ ಚೆನ್ನಾಗಿ ಕೆಲಸ ಮಾಡಿತು. ಹಲಸು ಎಂದ ಕೂಡಲೇ ನಮಗೆ ಹೆಮ್ಮೆಯಾಗುತ್ತದೆ. ಆದರೆ ಬಟ್ಟಲಿನಲ್ಲಿ ಬ್ಲೀಚಿಂಗ್ ಪುಡಿಯೂ ವೈರಾಣುವನ್ನು ಕೊಲ್ಲುತ್ತದೆ, ಹಾಗೆಂದು ಯಾರೂ ಅದನ್ನು ಕರುವಿಗೆ ಕುಡಿಸುವುದಿಲ್ಲ. ಸಾರವು ವೈರಾಣುವನ್ನು ತಡೆಯುವ ಪ್ರಮಾಣಕ್ಕೂ ಕೋಶವನ್ನೇ ಸಾಯಿಸುವ ಪ್ರಮಾಣಕ್ಕೂ ಎಷ್ಟು ಅಂತರವಿದೆ ಎಂಬುದೇ ಇಲ್ಲಿ ಮುಖ್ಯ. ಅಂತರ ದೊಡ್ಡದಿದ್ದರೆ ಮುಂದುವರಿಯಬಹುದು. ಸುದ್ದಿ ಬರೆಯುವವರು ಈ ಎರಡನೆಯ ಅಂಕಿಯನ್ನು ಬರೆಯುವುದೇ ಇಲ್ಲ.

ಬಟ್ಟಲಿಗೂ ಕರುಳಿಗೂ ಇನ್ನೊಂದು ವ್ಯತ್ಯಾಸವಿದೆ. ತೊಗಟೆ, ಚಿಗುರು, ಕಾಯಿಗಳ ಒಗರು ಬರುವುದು ಟ್ಯಾನಿನ್ ಎಂಬ ವಸ್ತುವಿನಿಂದ. ಅದಕ್ಕೆ ಪ್ರೋಟೀನು ಕಂಡರೆ ಅಂಟಿಕೊಳ್ಳುವ ಗುಣ. ಬಟ್ಟಲಿನಲ್ಲಿ ವೈರಾಣುವಿಗೆ ಅಂಟಿಕೊಳ್ಳುತ್ತದೆ, ಸರಿ. ಹಾಲು ಕುಡಿದ ಕರುವಿನ ಹೊಟ್ಟೆಯಲ್ಲಿ ಹಾಲಿನ ಪ್ರೋಟೀನಿಗೆ ಅಂಟಿಕೊಂಡು ಅಲ್ಲಿಗೇ ಮುಗಿಯುತ್ತದೆ.

ಅನಂತರ ಇಲಿ. ಇಲ್ಲಿ ತಾವು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. 'ಇಲಿಗಳಲ್ಲಿ ಭೇದಿ ನಿಂತಿತು' ಎಂದು ಬರುವ ಸುದ್ದಿಗಳಲ್ಲಿ ಬಹಳಷ್ಟು ಹರಳೆಣ್ಣೆಯ ಪ್ರಯೋಗಗಳು. ಬೆಳೆದ ಇಲಿಗೆ ಹರಳೆಣ್ಣೆ ಕುಡಿಸಿ ಭೇದಿ ಮಾಡಿಸುತ್ತಾರೆ, ಮೊದಲೇ ಗಿಡದ ಸಾರ ಕೊಟ್ಟಿದ್ದರೆ ಎಷ್ಟು ಕಡಿಮೆಯಾಯಿತು ಎಂದು ಅಳೆಯುತ್ತಾರೆ. ಇನ್ನೊಂದು ಪ್ರಯೋಗದಲ್ಲಿ ಇದ್ದಿಲು ಪುಡಿ ಕಲಸಿದ ನೀರು ಕುಡಿಸಿ, ಅರ್ಧ ಗಂಟೆಯಲ್ಲಿ ಆ ಕಪ್ಪು ಗುರುತು ಕರುಳಿನಲ್ಲಿ ಎಷ್ಟು ದೂರ ಸಾಗಿತು ಎಂದು ನೋಡುತ್ತಾರೆ. ಕಡಿಮೆ ದೂರ ಸಾಗಿದರೆ ಗಿಡವು ಕರುಳಿನ ಚಲನೆಯನ್ನು ನಿಧಾನ ಮಾಡಿದೆ ಎಂದರ್ಥ. ಇವೆರಡರಲ್ಲೂ ವೈರಾಣುವೇ ಇಲ್ಲ! ಉಮ್ಮತ್ತಿ, ಅಫೀಮಿನಂತಹವೂ ಕರುಳನ್ನು ನಿಲ್ಲಿಸುತ್ತವೆ. ಸೋಂಕಿನ ಭೇದಿಯಲ್ಲಿ ಕರುಳನ್ನು ಕಟ್ಟಿಹಾಕಿದರೆ ಹೊರಗೆ ಹೋಗಬೇಕಾದ ನಂಜು ಒಳಗೇ ಉಳಿಯುತ್ತದೆ, ನೀರು ಕರುಳಿನಲ್ಲೇ ತುಂಬಿ ನಿಲ್ಲುತ್ತದೆ. ಬಾಲ ಒಣಗಿತು, ಕರು ವಾಸಿಯಾಯಿತು ಎಂದು ಮನೆಯವರು ನೆಮ್ಮದಿಯಿಂದಿರುವಾಗ ಹೊಟ್ಟೆ ಉಬ್ಬಿ ಕರು ಮಲಗಿಬಿಡುತ್ತದೆ.

ನಿಜವಾಗಿ ವೈರಾಣು ಕುಡಿಸಿ ಮಾಡುವ ಪ್ರಯೋಗಗಳೂ ಇವೆ. ಐದಾರು ದಿನದ ಮರಿಗಳಿಗೆ ವೈರಾಣು ಕೊಟ್ಟು, ದಿನವೂ ಹೊಟ್ಟೆಯನ್ನು ಮೆಲ್ಲಗೆ ಒತ್ತಿ, ಬಂದ ಲದ್ದಿಯ ಬಣ್ಣ ಮತ್ತು ತೆಳುವನ್ನು ನೋಡಿ ಅಂಕ ಕೊಡುತ್ತಾರೆ. ಯಾವ ಮರಿಗೆ ಸಾರ ಕೊಟ್ಟಿದೆ, ಯಾವುದಕ್ಕೆ ನೀರು ಕೊಟ್ಟಿದೆ ಎಂಬುದು ಅಂಕ ಕೊಡುವವರಿಗೆ ತಿಳಿಯದಂತೆ ಮಾಡುವುದು ಒಳ್ಳೆಯ ಪದ್ಧತಿ. ಈ ನೀರು ಕುಡಿದ ಗುಂಪೇ ನನ್ನ ಮಟ್ಟಿಗೆ ಇಡೀ ಪ್ರಯೋಗದ ಜೀವಾಳ. ಏಕೆಂದರೆ ಅವೂ ಕೆಲವು ದಿನಗಳಲ್ಲಿ ವಾಸಿಯಾಗುತ್ತವೆ. ಕರುಳಿನ ಕುಚ್ಚುಗಳ ಬುಡದಿಂದ ಹೊಸ ಕೋಶಗಳು ಬೆಳೆದು ಬರಲು ಮೂರು ನಾಲ್ಕು ದಿನ ಸಾಕು. ಸಾರ ಕುಡಿದ ಗುಂಪು ಇವಕ್ಕಿಂತ ಬೇಗ ವಾಸಿಯಾದರೆ ಮಾತ್ರ ಸಾರಕ್ಕೆ ಅಂಕ.

ನಮ್ಮ ಕೊಟ್ಟಿಗೆಯಲ್ಲಿ ಈ ಎರಡನೆಯ ಗುಂಪು ಇರುವುದಿಲ್ಲ. ಭೇದಿ ಶುರುವಾದ ಮೊದಲ ದಿನ ಸುಮ್ಮನೆ ನೋಡುತ್ತೇವೆ, ಎರಡನೆಯ ದಿನ ನೆರೆಮನೆಯವರು ಹೇಳಿದ್ದನ್ನು ಮಾಡುತ್ತೇವೆ, ಮೂರನೆಯ ದಿನ ಯಾರೋ ಸೊಪ್ಪು ತಂದು ಅರೆದು ಕುಡಿಸುತ್ತಾರೆ, ನಾಲ್ಕನೆಯ ದಿನ ಭೇದಿ ನಿಲ್ಲುತ್ತದೆ. ಕೀರ್ತಿ ಸೊಪ್ಪಿಗೆ. ಸೊಪ್ಪು ಕೊಡದಿದ್ದರೂ ನಿಲ್ಲುತ್ತಿತ್ತೇ ಎಂದು ಕೇಳುವವರಿಲ್ಲ. ನಾಟಿ ವೈದ್ಯರನ್ನು ಹಗುರವಾಗಿ ಮಾತನಾಡುತ್ತಿದ್ದೇನೆ ಎಂದು ದಯವಿಟ್ಟು ಭಾವಿಸಬೇಡಿ. ನಾವು ಬರೆದುಕೊಡುವ ಆಂಟಿಬಯೋಟಿಕ್ ಗುಳಿಗೆಗೂ ಇದೇ ಮಾತು ಅನ್ವಯಿಸುತ್ತದೆ. ವೈರಾಣುವಿನ ಮೇಲೆ ಅದಕ್ಕೆ ಯಾವ ಪ್ರಭಾವವೂ ಇಲ್ಲ, ಆದರೂ ಭೇದಿ ನಿಂತರೆ ಗುಳಿಗೆಗೇ ಹೆಸರು ಬರುತ್ತದೆ.

ಈಗ ವಿಷದ ಪರೀಕ್ಷೆ. 'ಇಲಿಗಳಿಗೆ ತೊಂದರೆಯಾಗಲಿಲ್ಲ' ಎಂಬ ಮಾತಿನಲ್ಲಿ ಏನಿದೆ ಎಂದು ಬಿಡಿಸಿ ನೋಡೋಣ. 1927ರಲ್ಲಿ ಇಂಗ್ಲೆಂಡಿನ ಟ್ರೆವಾನ್ ಎಂಬವರು, ಗುಂಪಿನಲ್ಲಿ ಅರ್ಧದಷ್ಟು ಪ್ರಾಣಿಗಳು ಸಾಯುವ ಪ್ರಮಾಣವನ್ನು ಅಳತೆಗೋಲಾಗಿ ಇಟ್ಟುಕೊಳ್ಳುವ ಕ್ರಮವನ್ನು ತಂದರು. ಅವರ ಉದ್ದೇಶ ತೀಕ್ಷ್ಣವಾದ ಔಷಧಿಗಳ ಬಲ ಒಂದೇ ಸಮನಾಗಿದೆಯೇ ಎಂದು ಹೋಲಿಸುವುದಾಗಿತ್ತು. ಕಾಲಕ್ರಮದಲ್ಲಿ ಅದೇ ವಿಷದ ಅಳತೆಯಾಗಿ ಎಲ್ಲೆಡೆ ಹಬ್ಬಿತು, ಒಂದೊಂದು ಪರೀಕ್ಷೆಗೂ ಹತ್ತಾರು ಪ್ರಾಣಿಗಳು ಬಲಿಯಾಗುತ್ತಿದ್ದವು. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ ಎಂಬ ಅಂತರರಾಷ್ಟ್ರೀಯ ಸಂಸ್ಥೆಯು ತನ್ನ ಪರೀಕ್ಷಾ ನಿಯಮಗಳಿಂದ ಆ ಹಳೆಯ ಕ್ರಮವನ್ನು 2002ರಲ್ಲಿ ಕೈಬಿಟ್ಟಿತು. ಈಗಿನ ಒಂದು ಕ್ರಮದಲ್ಲಿ ಹಂತಕ್ಕೆ ಮೂರೇ ಪ್ರಾಣಿ ಸಾಕು. ದೇಹತೂಕದ ಕಿಲೋಗೆ 5, 50, 300, 2000 ಮಿಲಿಗ್ರಾಂ ಎಂಬ ಮೆಟ್ಟಿಲುಗಳಲ್ಲಿ ಪರೀಕ್ಷಿಸಿ, 14 ದಿನ ಗಮನಿಸುತ್ತಾರೆ. ನಮ್ಮ ದೇಶದಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯಡಿ ಇರುವ ಸಮಿತಿಯ ನಿಯಮಗಳಿಗೆ ಒಳಪಟ್ಟೇ ಇಂಥ ಪ್ರಯೋಗ ನಡೆಯಬೇಕು.

ಹಾಗಾದರೆ 'ಕಿಲೋಗೆ 2000 ಮಿಲಿಗ್ರಾಂ ಕೊಟ್ಟರೂ ಸುರಕ್ಷಿತ' ಎಂದರೆ, 25 ಗ್ರಾಂ ತೂಗುವ ಇಲಿಗೆ 50 ಮಿಲಿಗ್ರಾಂ ಸಾರವನ್ನು ಒಂದು ಸಲ ಕೊಟ್ಟು ಎರಡು ವಾರ ನೋಡಿದರು, ಸಾಯಲಿಲ್ಲ ಎಂದಷ್ಟೇ. ದಿನಕ್ಕೆ ಮೂರು ಸಲದಂತೆ ಐದು ದಿನ ಕೊಟ್ಟರೆ ಏನಾಗುತ್ತದೆ, ಗಬ್ಬದ ಹಸುವಿಗೆ ಕೊಟ್ಟರೆ ಏನಾಗುತ್ತದೆ, ಹಾಲಿನಲ್ಲಿ ಇಳಿಯುತ್ತದೆಯೇ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಹಾಲಿನ ಮಾತು ಸುಮ್ಮನೆ ಹೇಳುತ್ತಿಲ್ಲ. ಬೆಟ್ಟ ಪ್ರದೇಶಗಳಲ್ಲಿ ಬೆಳೆಯುವ ಬ್ರಾಕೆನ್ ಎಂಬ ಜರಿಗಿಡವನ್ನು ಮೇಯ್ದ ಹಸುವಿನ ಹಾಲಿನಲ್ಲಿ ಆ ಗಿಡದ ವಿಷ ಇಳಿಯುತ್ತದೆ ಎಂಬುದು ಸಿದ್ಧವಾಗಿದೆ. ನಾವು ಮಾರುವುದು ಹಾಲನ್ನು.

ಇಲಿಗೆ ಆಗದ್ದು ದನಕ್ಕೆ ಆಗಬಹುದೇ? ಆಗಬಹುದು, ಅದಕ್ಕೆ ಲಂಟಾನಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಮಲೇಷಿಯಾದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲಂಟಾನ ಎಲೆಯ ಸಾರವನ್ನು ಇಲಿಗಳಿಗೆ ಕುಡಿಸಿದಾಗ ಅವು ಸಾಯಲಿಲ್ಲ. ಅದೇ ಲಂಟಾನವನ್ನು ಬರಗಾಲದಲ್ಲಿ ಹಸಿರು ಸಿಗದೆ ಮೇಯ್ದ ದನ ಏನಾಗುತ್ತದೆ ಎಂದು ಈ ಸಭೆಯಲ್ಲಿ ಕುಳಿತಿರುವ ಹಿರಿಯರು ನನಗಿಂತ ಚೆನ್ನಾಗಿ ಬಲ್ಲರು. ಮೇವು ಬಿಡುತ್ತದೆ, ಸಗಣಿ ಗಟ್ಟಿಯಾಗುತ್ತದೆ, ಕಣ್ಣು ಹಳದಿಯಾಗುತ್ತದೆ, ಬಿಸಿಲಿಗೆ ನಿಂತರೆ ಮೂತಿಯ ಮತ್ತು ಬಿಳಿ ಕೂದಲಿರುವ ಕಡೆಯ ಚರ್ಮ ಸುಲಿದು ಬರುತ್ತದೆ. ಲಂಟಾಡೀನ್ ಎಂಬ ವಿಷ ಪಿತ್ತಜನಕಾಂಗವನ್ನು ಕೆಡಿಸುವುದೇ ಇದಕ್ಕೆ ಕಾರಣ. ದನದ ಮೊದಲ ಹೊಟ್ಟೆ ಒಂದು ದೊಡ್ಡ ಹಗೇವು. ಪಿತ್ತಜನಕಾಂಗ ಕೆಟ್ಟೊಡನೆ ಆ ಹೊಟ್ಟೆಯ ಚಲನೆ ನಿಲ್ಲುತ್ತದೆ, ಅಲ್ಲಿ ನಿಂತ ಸೊಪ್ಪಿನಿಂದ ವಿಷ ದಿನಗಟ್ಟಲೆ ಒಸರುತ್ತಲೇ ಇರುತ್ತದೆ. ಇಲಿಗೆ ಆ ಹಗೇವೇ ಇಲ್ಲ.

ಹತ್ತು ದಿನದ ಕರುವಿಗೂ ಮೆಲುಕಿನ ಹೊಟ್ಟೆ ಇನ್ನೂ ತಯಾರಾಗಿಲ್ಲವಲ್ಲ, ಅದು ಇಲಿಗೇ ಹತ್ತಿರವಲ್ಲವೇ ಎಂದು ಬುದ್ಧಿವಂತರು ಕೇಳಬಹುದು. ನಿಜ. ಆದರೆ ಆ ವಯಸ್ಸಿನಲ್ಲಿ ಅದರ ಪಿತ್ತಜನಕಾಂಗವೂ ತಯಾರಾಗಿಲ್ಲ. ದೊಡ್ಡ ಪ್ರಾಣಿ ಕೆಲವು ಗಂಟೆಗಳಲ್ಲಿ ಕಳೆದುಕೊಳ್ಳುವ ವಿಷ ಎಳೆಗರುವಿನ ಮೈಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಜೊತೆಗೆ ಭೇದಿಯಿಂದ ನೀರು ಕಳೆದುಕೊಂಡು ಮೂತ್ರವೂ ಕಡಿಮೆಯಾಗಿರುತ್ತದೆ. ಪ್ರಯೋಗಶಾಲೆಯ ವಿಷದ ಪರೀಕ್ಷೆ ನಡೆದಿರುವುದು ಆರೋಗ್ಯವಂತ, ಬೆಳೆದ ಇಲಿಗಳ ಮೇಲೆ.

ಇನ್ನು ಗುಣಾಕಾರದ ಪ್ರಶ್ನೆ. ಇಲಿಗೆ ಕಿಲೋಗೆ ಇಷ್ಟು ಎಂದಿದ್ದರೆ ಕರುವಿನ ತೂಕದಿಂದ ಗುಣಿಸಿದರಾಯಿತು ಎಂದು ತೋರುತ್ತದೆ. 1962ರಲ್ಲಿ ಅಮೆರಿಕದ ಓಕ್ಲಹಾಮ ನಗರದಲ್ಲಿ ಟಸ್ಕೊ ಎಂಬ ಗಂಡಾನೆಗೆ ಎಲ್‌ಎಸ್‌ಡಿ ಎಂಬ ಮತ್ತಿನ ವಸ್ತುವನ್ನು ಹೀಗೆಯೇ ದೇಹತೂಕದ ಲೆಕ್ಕದಲ್ಲಿ 297 ಮಿಲಿಗ್ರಾಂ ಚುಚ್ಚಿದರು. ಆನೆ ಎರಡು ಗಂಟೆಯೊಳಗೆ ಸತ್ತಿತು. ಆಮೇಲೆ ಕೊಟ್ಟ ಬೇರೆ ಔಷಧಿಗಳದ್ದೂ ಪಾಲಿರಬಹುದು ಎನ್ನುತ್ತಾರೆ, ಆದರೆ ಲೆಕ್ಕ ಹಾಕಿದ ರೀತಿ ತಪ್ಪು ಎಂಬುದರಲ್ಲಿ ಹೆಚ್ಚು ಜಗಳವಿಲ್ಲ. ಪ್ರಾಣಿ ದೊಡ್ಡದಾದಂತೆ ಅದರ ಮೈಯ ಕೆಲಸ ನಿಧಾನವಾಗುತ್ತದೆ. ಇಲಿಯ ಹೃದಯ ನಿಮಿಷಕ್ಕೆ 500ಕ್ಕೂ ಹೆಚ್ಚು ಸಲ ಬಡಿಯುತ್ತದೆ, ಹಸುವಿನದು ಅರವತ್ತು ಎಪ್ಪತ್ತು ಸಲ. ಇಲಿ ಔಷಧಿಯನ್ನು ಬೇಗ ಬೇಗ ಉರಿಸಿ ಹೊರಹಾಕುತ್ತದೆ. ಈ ವೇಗದ ವ್ಯತ್ಯಾಸವನ್ನು ಹಿಡಿಯುವ ಸಾಮಾನ್ಯ ಸೂತ್ರದಿಂದ ಲೆಕ್ಕ ಹಾಕಿದರೆ, ಇಲಿಗೆ ಕಿಲೋಗೆ ಕೊಟ್ಟದ್ದರ ಸುಮಾರು ಆರರಲ್ಲಿ ಒಂದು ಪಾಲು 30 ಕಿಲೋ ಕರುವಿಗೂ, ಸುಮಾರು ಹನ್ನೊಂದರಲ್ಲಿ ಒಂದು ಪಾಲು 400 ಕಿಲೋ ಹಸುವಿಗೂ ಸಮವಾಗುತ್ತದೆ. ಬರೀ ತೂಕದಿಂದ ಗುಣಿಸಿದವರು ಕರುವಿಗೆ ಆರು ಪಟ್ಟು ಹೆಚ್ಚು ಕೊಟ್ಟಂತಾಯಿತು. ಈ ಸೂತ್ರವನ್ನು ಬರೆದುಕೊಂಡು ಹೋಗಿ ಮನೆಯಲ್ಲಿ ಪ್ರಮಾಣ ಕಟ್ಟಬೇಡಿ. ಒಂದೊಂದು ಗಿಡದ ವಿಷಕ್ಕೂ ಒಂದೊಂದು ದಾರಿ. ಮೇಲಾಗಿ ಅವರು ಕೊಟ್ಟದ್ದು ಮದ್ಯಸಾರದಲ್ಲಿ ನೆನೆಸಿ, ಸೋಸಿ, ಒಣಗಿಸಿದ ಪುಡಿ. ತಾವು ಕುಡಿಸುವುದು ರುಬ್ಬಿದ ಹಸಿ ಸೊಪ್ಪು. ಎರಡರಲ್ಲಿ ಕರಗಿ ಬರುವ ವಸ್ತುಗಳೂ ಬೇರೆ, ಬಲವೂ ಬೇರೆ.

ಕಳೆದ ಮಳೆಗಾಲದಲ್ಲಿ ನಾನು ನೋಡಿದ ಒಂದು ಪ್ರಕರಣ ಹೇಳುತ್ತೇನೆ. ಊರಿನ ಹೆಸರು ಬೇಡ. ಒಂಬತ್ತು ದಿನದ ಮಿಶ್ರತಳಿ ಹೆಣ್ಣು ಕರು, ಒಳ್ಳೆಯ ತಾಯಿಯದು. ಭೇದಿ ಶುರುವಾದಾಗ ಹಾಲು ಕುಡಿಸಿದರೆ ಹೆಚ್ಚಾಗುತ್ತದೆಂದು ಎರಡು ದಿನ ಹಾಲು ನಿಲ್ಲಿಸಿದ್ದರು. ಇಲಿಗಳ ಸುದ್ದಿಯಲ್ಲಿ ಓದಿದ ಸೊಪ್ಪಿನ ರಸವನ್ನು ಗೊಟ್ಟದಲ್ಲಿ ಹಾಕಿ ದಿನಕ್ಕೆ ಮೂರು ಸಲ ಕುಡಿಸಿದ್ದರು. ನನ್ನನ್ನು ಕರೆದದ್ದು ಮೂರನೆಯ ದಿನ ಸಂಜೆ. ಕಣ್ಣು ಒಳಕ್ಕೆ ಹೋಗಿತ್ತು, ಬಾಯಿ ತಣ್ಣಗಿತ್ತು, ಕುತ್ತಿಗೆಯ ಚರ್ಮ ಚಿವುಟಿದರೆ ಹಾಗೆಯೇ ನಿಲ್ಲುತ್ತಿತ್ತು. ರಕ್ತನಾಳದ ಮೂಲಕ ದ್ರಾವಣ ಕೊಟ್ಟರೂ ಬೆಳಗಿನ ಜಾವಕ್ಕೆ ಹೋಯಿತು. ಮರಣೋತ್ತರ ಪರೀಕ್ಷೆಯಲ್ಲಿ ಶ್ವಾಸಕೋಶದೊಳಗೆ ಹಸಿರು ಸೊಪ್ಪಿನ ಚೂರುಗಳಿದ್ದವು. ಸೊಪ್ಪಿನ ವಿಷದ ವಿಚಾರ ಹಾಗಿರಲಿ. ನಿಶ್ಶಕ್ತವಾದ ಕರುವಿಗೆ ತಲೆ ಎತ್ತಿ ಹಿಡಿದು ಗೊಟ್ಟ ಹಾಕಿದರೆ ರಸ ಶ್ವಾಸನಾಳಕ್ಕೆ ಇಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಆ ಮೂರು ದಿನ ಕರುವಿಗೆ ಬೇಕಾಗಿದ್ದ ನೀರು ಮತ್ತು ಲವಣ ಸಿಗಲೇ ಇಲ್ಲ.

ಭೇದಿಯಾದ ಕರು ಸಾಯುವುದು ಸಾಮಾನ್ಯವಾಗಿ ವೈರಾಣುವಿನಿಂದಲ್ಲ, ನೀರು ಮತ್ತು ಲವಣ ಕಳೆದುಕೊಂಡು ರಕ್ತ ಹುಳಿಯಾಗುವುದರಿಂದ. 30 ಕಿಲೋ ಕರು ತನ್ನ ತೂಕದ ನೂರಕ್ಕೆ 8ರಷ್ಟು, ಅಂದರೆ ಸುಮಾರು ಎರಡೂವರೆ ಲೀಟರ್ ನೀರು ಕಳೆದುಕೊಂಡಾಗ ಕಣ್ಣು ಗುಳಿ ಬೀಳುತ್ತದೆ. ನೂರಕ್ಕೆ 12 ದಾಟಿದರೆ ಉಳಿಯುವುದು ಕಷ್ಟ. ಆದ್ದರಿಂದ ಭೇದಿ ಕಂಡ ದಿನವೇ ಓ.ಆರ್.ಎಸ್. ಶುರುಮಾಡಿ. ಗ್ಲೂಕೋಸ್ ಇರುವಲ್ಲಿ ಉಪ್ಪಿನಂಶವನ್ನು ಕರುಳು ಜೊತೆಯಲ್ಲೇ ಒಳಕ್ಕೆ ಸೆಳೆಯುತ್ತದೆ, ಅದರ ಹಿಂದೆಯೇ ನೀರು ಹೋಗುತ್ತದೆ. ಕುಚ್ಚುಗಳ ತುದಿ ಸವೆದಿದ್ದರೂ ಉಳಿದ ಭಾಗ ಈ ಕೆಲಸ ಮಾಡುತ್ತಿರುತ್ತದೆ. ಔಷಧಿ ಅಂಗಡಿಯಲ್ಲಿ ಸಿಗುವ 20.5 ಗ್ರಾಂನ ಪೊಟ್ಟಣವನ್ನು ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಿ, ಕರುಗಳಿಗೆಂದೇ ಮಾಡಿದ ಪುಡಿ ಸಿಕ್ಕರೆ ಇನ್ನೂ ಒಳ್ಳೆಯದು. ಹಾಲು ನಿಲ್ಲಿಸಬೇಡಿ. ಹಾಲು ಕುಡಿಸಿ ಎರಡು ಗಂಟೆ ಬಿಟ್ಟು, ಉಗುರು ಬೆಚ್ಚಗಿನ ದ್ರಾವಣವನ್ನು ಒಂದೆರಡು ಲೀಟರಿನಂತೆ ದಿನಕ್ಕೆ ಎರಡು ಮೂರು ಸಲ, ನಿಪ್ಪಲ್ ಬಾಟಲಿಯಲ್ಲಿ ಕೊಡಿ. ಚೀಪುವ ಶಕ್ತಿ ಇಲ್ಲದ ಕರುವಿಗೆ ಬಾಯಿಯಿಂದ ಏನನ್ನೂ ಸುರಿಯಬೇಡಿ, ಕೂಡಲೇ ಪಶುವೈದ್ಯರನ್ನು ಕರೆಸಿ.

ಇಲ್ಲಿ ತಾಯಂದಿರಿಗೆ ಒಂದು ವಿಶೇಷ ಸೂಚನೆ. ಮಗುವಿಗೆ ಭೇದಿಯಾದಾಗ ಮನೆಯಲ್ಲೇ ಸಕ್ಕರೆ ಉಪ್ಪು ಬೆರೆಸಿದ ನೀರು ಕೊಡುವುದನ್ನು ತಾವು ಕಲಿತಿದ್ದೀರಿ. ಕರುವಿಗೆ ಅದು ನಡೆಯುವುದಿಲ್ಲ. ಸಕ್ಕರೆಯನ್ನು ಒಡೆಯುವ ಕಿಣ್ವ ಕರುವಿನ ಕರುಳಿನಲ್ಲಿ ಇಲ್ಲ. ಸಕ್ಕರೆ, ಬೆಲ್ಲದ ನೀರು ಜೀರ್ಣವಾಗದೆ ಕರುಳಿನಲ್ಲೇ ನಿಂತು ಇನ್ನಷ್ಟು ನೀರನ್ನು ಎಳೆದು ಭೇದಿಯನ್ನು ಹೆಚ್ಚಿಸುತ್ತದೆ. ಗ್ಲೂಕೋಸ್ ಪುಡಿಯೇ ಬೇಕು. ಮನುಷ್ಯನಿಗೂ ಕರುವಿಗೂ ಸಕ್ಕರೆಯಂತಹ ಸಾಧಾರಣ ವಸ್ತುವಿನಲ್ಲೇ ಇಷ್ಟು ವ್ಯತ್ಯಾಸವಿದ್ದರೆ, ಇಲಿಗೂ ಕರುವಿಗೂ ಹೆಸರು ಗೊತ್ತಿಲ್ಲದ ಹತ್ತಾರು ರಾಸಾಯನಿಕಗಳಿರುವ ಸೊಪ್ಪಿನಲ್ಲಿ ಎಷ್ಟಿರಬೇಡ?

ಹಾಗಾದರೆ ಮನೆಮದ್ದು ಎಲ್ಲವೂ ಬೇಡವೇ? ಹಾಗೆ ಹೇಳಲಾರೆ. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯು ಬೆಂಗಳೂರಿನ ಟ್ರಾನ್ಸ್‌ಡಿಸಿಪ್ಲಿನರಿ ವಿಶ್ವವಿದ್ಯಾಲಯದ ಜೊತೆ ಸೇರಿ ಪ್ರಚಾರ ಮಾಡಿರುವ ಮದ್ದುಗಳಿವೆ. ಕೆಚ್ಚಲು ಬಾವಿಗೆ 250 ಗ್ರಾಂ ಲೋಳೆಸರ, 50 ಗ್ರಾಂ ಅರಿಶಿನ, 15 ಗ್ರಾಂ ಸುಣ್ಣ ಅರೆದು ಹಚ್ಚುವುದನ್ನು ತಮ್ಮಲ್ಲಿ ಅನೇಕರು ಮಾಡಿದ್ದೀರಿ. ಅಲ್ಲಿ ಪದಾರ್ಥ ಗೊತ್ತಿದೆ, ತೂಕ ಗೊತ್ತಿದೆ, ದನಗಳಲ್ಲೇ ಬಳಸಿದ ಅನುಭವವಿದೆ, ಹಚ್ಚುವುದು ಹೊರಗೆ. ಜೀರಿಗೆ, ಮೆಂತ್ಯ, ಕರಿಬೇವಿನಂತಹ ಅಡಿಗೆಮನೆಯ ವಸ್ತುಗಳನ್ನು ತಿಳಿದವರು ಹೇಳಿದ ಪ್ರಮಾಣದಲ್ಲಿ, ಓ.ಆರ್.ಎಸ್. ಮತ್ತು ಹಾಲಿನ ಜೊತೆಗೆ ಕೊಟ್ಟರೆ ನಾನು ಅಡ್ಡಿ ಮಾಡುವುದಿಲ್ಲ. ಅವುಗಳ ಬದಲಿಗೆ ಕೊಟ್ಟರೆ ಖಂಡಿತ ಅಡ್ಡಿ ಮಾಡುತ್ತೇನೆ. ಎಕ್ಕ, ಉಮ್ಮತ್ತಿ, ಕಣಗಿಲೆ, ಗುಲಗಂಜಿ, ಕಾಡುಹರಳು, ಲಂಟಾನ ಇವುಗಳನ್ನು ಯಾವ ಇಲಿಯ ಹೆಸರು ಹೇಳಿದರೂ ಕರುವಿನ ಬಾಯಿಯ ಹತ್ತಿರ ತರಬೇಡಿ.

ಎಲ್ಲ ಭೇದಿಯೂ ವೈರಾಣುವಿನದಲ್ಲ ಎಂಬುದನ್ನೂ ನೆನಪಿಡಿ. ಮೊದಲ ಮೂರು ನಾಲ್ಕು ದಿನದ ಭೇದಿ ಹೆಚ್ಚಾಗಿ ಬ್ಯಾಕ್ಟೀರಿಯಾದಿಂದ. ಎಮ್ಮೆ ಕರುವಿಗೆ ಮೂರು ನಾಲ್ಕು ವಾರದಲ್ಲಿ ಬಂದರೆ ದುಂಡು ಜಂತುಹುಳುವನ್ನು ಸಂದೇಹಿಸಬೇಕು. ಸಗಣಿಯಲ್ಲಿ ರಕ್ತ ಕಂಡರೆ ಬೇರೆಯೇ ಕಾರಣ. ಎರಡು ಚಮಚದಷ್ಟು ಸಗಣಿಯನ್ನು ಶುಚಿಯಾದ ಡಬ್ಬಿಯಲ್ಲಿ ಹಾಕಿ, ಕರುವಿನ ವಯಸ್ಸು ಬರೆದು ಪಶು ಆಸ್ಪತ್ರೆಗೆ ಕಳಿಸಿಕೊಡಿ.

ಭೇದಿಯಾದ ಕರುವನ್ನು ಬೇರೆ ಕಟ್ಟಿ. ಅದರ ಬಾಟಲಿ, ಬಕೆಟ್ಟು ಬೇರೆ ಇರಲಿ. ಮೊದಲು ಆರೋಗ್ಯವಾಗಿರುವ ಕರುಗಳಿಗೆ ಹಾಲು ಕುಡಿಸಿ, ರೋಗದ ಕರುವನ್ನು ಕೊನೆಗೆ ನೋಡಿಕೊಳ್ಳಿ. ಈ ವೈರಾಣು ಸಗಣಿಯಲ್ಲಿ ತಿಂಗಳುಗಟ್ಟಲೆ ಬದುಕಬಲ್ಲದು. ಸಗಣಿಯ ಮೇಲೆಯೇ ಬ್ಲೀಚಿಂಗ್ ಪುಡಿ ಎರಚಿದರೆ ಅದರ ಶಕ್ತಿ ಸಗಣಿಯಲ್ಲೇ ವ್ಯರ್ಥವಾಗುತ್ತದೆ, ಮೊದಲು ನೆಲ ತೊಳೆದು ಆಮೇಲೆ ಪುಡಿಯ ನೀರು ಹಾಕಿ, ಬಿಸಿಲಿಗೆ ಒಣಗಲು ಬಿಡಿ. ಕರುವಿನ ಜೊತೆ ಆಟವಾಡುವ ಚಿಕ್ಕ ಮಕ್ಕಳ ಕೈಯನ್ನು ಸೋಪು ಹಾಕಿ ತೊಳೆಸಿ. ಓ.ಆರ್.ಎಸ್. ಪೊಟ್ಟಣಗಳನ್ನು ಪ್ರತಿ ಸಂಘದಲ್ಲೂ ಹತ್ತಾದರೂ ಇಟ್ಟಿರಬೇಕೆಂದು ಕಾರ್ಯದರ್ಶಿಗಳಲ್ಲಿ ಕೇಳಿಕೊಳ್ಳುತ್ತೇನೆ. ಭೇದಿ ಶುರುವಾಗುವುದು ಸಾಮಾನ್ಯವಾಗಿ ರಾತ್ರಿ ಹೊತ್ತು, ಔಷಧಿ ಅಂಗಡಿ ಇರುವುದು ಹೋಬಳಿಯಲ್ಲಿ.

ಪ್ರಶ್ನೆಗಳಿದ್ದರೆ ಊಟದ ನಂತರ ಕೇಳಬಹುದು.